ವಿಕಿ ತಾಣಕ್ಕೆ ಬರೆದ ಲಗ್ನಪತ್ರಿಕೆ

ಹೊಟ್ಟೆಪಾಡಿಗೆ ನಾನು ಆಂಧ್ರದ ಗಡಿಯಲ್ಲಿರುವ ಆದವಾನಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿಯನ್. ಇಷ್ಟು ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ತಿಳಿಯದೆ ಇರುವುದು ನನ್ನ ಇನ್ನೊಂದು ಕೆಲಸ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಜಾಲತಾಣಗಳಿವೆಯಲ್ಲ, ವಿಕಿ ಅನ್ನುತ್ತಾರಲ್ಲ, ಅವುಗಳಲ್ಲಿ ಜನ ಯಾಕೆ ಬರೆಯುತ್ತಾರೆ, ಯಾಕೆ ಅಳಿಸುತ್ತಾರೆ, ಯಾಕೆ ಜಗಳ ಆಡುತ್ತಾರೆ ಎಂಬುದನ್ನು ನಾನು ಹತ್ತು ಹನ್ನೆರಡು ವರ್ಷದಿಂದ ಅಧ್ಯಯನ ಮಾಡುತ್ತಿದ್ದೇನೆ. ಹತ್ತಿ ವ್ಯಾಪಾರಿಯಾದ ನಮ್ಮ ಅಕ್ಕನ ಗಂಡನಿಗೆ ಇದನ್ನು ಒಮ್ಮೆ ಬಿಡಿಸಿ ಹೇಳಲು ಹೋದೆ. ಆತ ತಕ್ಕಡಿಯಿಂದ ಕಣ್ಣು ತೆಗೆಯದೆ ಪೂರ್ತಿ ಕೇಳಿದ.

"ಅಂದ್ರ, ಯಾರೋ ಬರೀತಾರ. ಇನ್ನೊಬ್ಬರು ಅಳಿಸ್ತಾರ. ನೀನು ಅದನ್ನ ಕುಂತು ನೋಡ್ತಿ."

"ಹೌದು ಮಾವ."

"ನೋಡಿ?"

"ಯಾಕ ಅಳಿಸಿದ್ರು ಅಂತ ಬರೀತೀನಿ."

"ಅದನ್ನ ಯಾರು ಅಳಿಸ್ತಾರ?"

ಅವತ್ತಿನಿಂದ ಆತ ನನ್ನನ್ನು ಮಂದಿಯ ಎದುರಿಗೆ "ನಮ್ಮ ಅಳಿಸೋ ಸಾರ್" ಎಂದು ಪರಿಚಯ ಮಾಡಿಕೊಡುತ್ತಾನೆ.

ಈ ಹುಚ್ಚು ಹಿಡಿದದ್ದೂ ಒಂದು ಜಗಳದಿಂದಲೇ. ಬಹಳ ಹಿಂದೆ ನಮ್ಮ ಸೀಮೆಯ ಊರುಗಳ ಬಗ್ಗೆ ಯಾರೋ ಪುಣ್ಯಾತ್ಮರು ಒಂದು ಸಣ್ಣ ವಿಕಿ ತೆರೆದಿದ್ದರು. ಗೋನೆಗಂಡ್ಲದ ಕುರಿ ಸಂತೆಯಿಂದ ಹಿಡಿದು ಎಮ್ಮಿಗನೂರಿನ ಮಗ್ಗದ ತನಕ ಎಲ್ಲದಕ್ಕೂ ಒಂದೊಂದು ಪುಟ. ಆದವಾನಿಯ ಪುಟದಲ್ಲಿ ಯಾರೋ ಬಂದು ಉಗ್ಗಾಣಿಯ ಬಗ್ಗೆ ಒಂದು ವಾಕ್ಯ ಸೇರಿಸಿದರು: ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ, ಜೊತೆಗೆ ಮಿರ್ಚಿ ಇಟ್ಟು ಕೊಡುವುದು ಮೊದಲು ಶುರುವಾದದ್ದು ಎಮ್ಮಿಗನೂರಿನಲ್ಲಿ, ಆದವಾನಿಯವರು ಅದನ್ನು ಆಮೇಲೆ ಕಲಿತರು ಎಂದು. ನಮ್ಮೂರ ಪುಟಕ್ಕೆ ಬಂದು ನಮಗೇ ಹೀಗೆ ಹೇಳುವುದೆಂದರೆ! ನಾನು ಒಂದು ಹಕ್ಕಿಯ ಹೆಸರಿಟ್ಟುಕೊಂಡು ಆ ವಾಕ್ಯವನ್ನು ಅಳಿಸಿದೆ. ಯಾಕೆ ಬದಲಿಸಿದಿರಿ ಎಂದು ಬರೆಯಲು ವಿಕಿಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದರಲ್ಲಿ, "ಆಧಾರವಿಲ್ಲ. ಬರೆದವರು ಆದವಾನಿಯಲ್ಲಿ ಎಂದೂ ತಿಂದಿಲ್ಲವೆಂದು ತೋರುತ್ತದೆ" ಎಂದು ಬರೆದೆ. ಅವರು ವಾಪಸ್ಸು ಹಾಕಿದರು. ನಾನು ಅಳಿಸಿದೆ. ಹನ್ನೊಂದು ದಿನ ನಡೆಯಿತು. ಆಮೇಲೆ ಆ ವಿಕಿಯೇ ಮುಚ್ಚಿಹೋಯಿತು. ಜಗಳವೂ ಹೋಯಿತು, ಜಗಳದ ದಾಖಲೆಯೂ ಹೋಯಿತು. ಎದುರಿಗಿದ್ದವರು ಯಾರೆಂದು ಗೊತ್ತಾಗಲಿಲ್ಲ. ನಾನು ಮಾತ್ರ ನನ್ನ ಎಂ.ಫಿಲ್ ಪ್ರಬಂಧದಲ್ಲಿ "ಇಬ್ಬರು ಅನಾಮಧೇಯ ಬಳಕೆದಾರರ ನಡುವಿನ ಒಂದು ಆಹಾರ ಸಂಬಂಧಿ ವಿವಾದ" ಎಂದು ಅದನ್ನು ಎರಡು ಪುಟ ವಿಶ್ಲೇಷಿಸಿದೆ, ಯಾರೋ ಮೂರನೆಯವನು ದೂರದಿಂದ ನೋಡಿದವನಂತೆ. ಗೈಡು ಆ ಎರಡು ಪುಟಗಳನ್ನು ಬಹಳ ಮೆಚ್ಚಿಕೊಂಡರು.

ನನ್ನಂಥವರು ಒಬ್ಬರೇ ಇರುವುದಿಲ್ಲವಲ್ಲ. ಆನ್‌ಲೈನ್ ಮೀಟಿಂಗುಗಳ ಕಾಲ ಬಂದ ಮೇಲೆ ಒಬ್ಬರಿಗೊಬ್ಬರು ಸಿಕ್ಕೆವು. ಕನ್ನಡ, ತೆಲುಗು ವಿಕಿಗಳನ್ನು ಅಧ್ಯಯನ ಮಾಡುವ ಹನ್ನೆರಡು ಮಂದಿ. ಅದರಲ್ಲಿ ಬಾಯಿ ಇದ್ದವರು ಮೂವರು: ಮೈಸೂರಿನ ಒಬ್ಬ ಬಿಳಿಗಡ್ಡದ ಪ್ರಾಧ್ಯಾಪಕರು, ಪುಣೆಯಲ್ಲಿರುವ ಒಬ್ಬ ಸಂಶೋಧಕಿ, ಹೈದರಾಬಾದಿನ ಒಬ್ಬ ಇಂಜಿನಿಯರ್. ಒಂದು ಮೀಟಿಂಗಿನಲ್ಲಿ ಎಲ್ಲರೂ ಒಂದೇ ಗೋಳು ತೋಡಿಕೊಂಡರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗುತ್ತಿಲ್ಲ. ಲೇಖನಗಳು ಒಂದು ಕಡೆ, ಮಾಹಿತಿ ಒಂದು ಕಡೆ, ಲೆಕ್ಕ ಹಾಕುವ ಪ್ರೋಗ್ರಾಮುಗಳು ಮತ್ತೊಂದು ಕಡೆ. ಎಲ್ಲರಿಗೂ ಸೇರಿ ಒಂದೇ ತಾಣ ಬೇಕು. ಅದೂ ವಿಕಿಯಾಗಿಯೇ ಇರಬೇಕು, ಎಲ್ಲರೂ ಬರೆಯಬೇಕು, ಎಲ್ಲರೂ ತಿದ್ದಬೇಕು. ಇಂಜಿನಿಯರ್ ತನ್ನ ಸರ್ವರಿನಲ್ಲಿ ಜಾಗ ಕೊಡುತ್ತೇನೆ ಅಂದ. "ನೋಡಿಕೊಳ್ಳುವವರು ಯಾರು?" ಎಂದು ಪುಣೆಯವರು ಕೇಳಿದರು. ಹನ್ನೊಂದು ಚೌಕಗಳಲ್ಲಿ ಹನ್ನೊಂದು ಮುಖಗಳು ಅಲ್ಲಾಡದೆ ಕೂತವು. ಯಾರಾದರೂ ಸುಮ್ಮನಿದ್ದರೆ ನನಗೆ ಭಯವಾಗುತ್ತದೆ, ಅದು ನನ್ನ ಹುಟ್ಟುಗುಣ. ಮೈಕು ಆನ್ ಮಾಡಿ, "ನಾನು ನೋಡ್ತೀನ್ರಿ" ಅಂದುಬಿಟ್ಟೆ.

ಮುಂದಿನ ಏಳು ತಿಂಗಳು ನಾವು ನಿಯಮ ಬರೆದೆವು.

ಬೇರೆಯವರ ತಾಣಗಳಲ್ಲಿ ಅಪರಿಚಿತರು ಹೇಗೆ ಕೂಡಿ ಬರೆಯುತ್ತಾರೆ ಎಂಬುದರ ಮೇಲೆ ಪುಸ್ತಕ ಬರೆದವರು ನಮ್ಮಲ್ಲಿ ಇಬ್ಬರಿದ್ದರು. ಆದರೆ ನಮ್ಮದೇ ತಾಣದಲ್ಲಿ ಯಾರೂ ಒಂದು ಸಾಲು ಬರೆಯಲಿಲ್ಲ. ತಪ್ಪು ಬರೆದರೆ ಉಳಿದ ಹನ್ನೊಂದು ಮಂದಿ ಅದನ್ನು ಅಧ್ಯಯನ ಮಾಡುತ್ತಾರೆಂಬ ಹೆದರಿಕೆ ಎಲ್ಲರಿಗೂ ಇತ್ತು ಅಂತ ಕಾಣುತ್ತದೆ. ಅದರ ಬದಲು ಬರೆಯುವುದು ಹೇಗೆಂಬ ನಿಯಮ, ಆ ನಿಯಮವನ್ನು ತಿದ್ದುವುದು ಹೇಗೆಂಬ ನಿಯಮ, ತಾಣಕ್ಕೆ ಹೆಸರಿಡಲು ಒಂದು ಉಪಸಮಿತಿ. ಉಪಸಮಿತಿ ಮೂರು ಸಲ ಸೇರಿ, ಹೆಸರಿಡುವ ಮುಂಚೆ ಹೆಸರಿನ ತತ್ವ ಗೊತ್ತುಮಾಡಬೇಕೆಂದು ತೀರ್ಮಾನಿಸಿ ಎದ್ದುಹೋಯಿತು. ಮುಖಪುಟದಲ್ಲಿ "ಕೆಲಸ ನಡೆಯುತ್ತಿದೆ" ಎಂಬ ಒಂದೇ ಸಾಲು. ಅದನ್ನು ಬರೆದವನೂ ನಾನೇ. ದಿನಾ ಬೆಳಿಗ್ಗೆ ಲೈಬ್ರರಿಯ ಬಾಗಿಲು ತೆಗೆದು, ಊರ ಹತ್ತಿ ಮಿಲ್ಲುಗಳಿಂದ ಹಾರಿಬಂದು ಕೀಬೋರ್ಡಿನ ಮೇಲೆ ಕೂತ ನವಿರು ಊದಿ, "ಇತ್ತೀಚಿನ ಬದಲಾವಣೆಗಳು" ಪುಟ ತೆರೆಯುತ್ತಿದ್ದೆ. ಯಾರು ಏನು ಬದಲಿಸಿದರೂ ಅಲ್ಲಿ ಕಾಣುತ್ತದೆ. ಅಲ್ಲಿ ನಾನೇ ನಾನು. ಮೊನ್ನೆ ನಾನು ಒಂದು ಚುಕ್ಕೆ ಹಾಕಿದ್ದು, ನಿನ್ನೆ ಅದನ್ನು ತೆಗೆದದ್ದು.

ನನ್ನ ಹೆಂಡತಿ ಅದಕ್ಕೆ "ನಿಮ್ಮ ಅಂಗಡಿ" ಅನ್ನುತ್ತಿದ್ದಳು.

"ಏನ್ರೀ, ಅಂಗಡಿಗೆ ಯಾರರ ಬಂದ್ರಾ ಇವತ್ತು?"

"ಇಲ್ಲ."

"ಬೋರ್ಡು?"

"ಇನ್ನೂ ಹೆಸರು ಗೊತ್ತಾಗಿಲ್ಲ."

"ಹೆಸರಿಲ್ಲದ ಅಂಗಡಿ, ಗಿರಾಕಿ ಇಲ್ಲ, ಮಾಲೂ ಇಲ್ಲ. ದಿನಾ ಬಾಗಿಲ ಮಾತ್ರ ತಪ್ಪದಂಗ ತೆಗೀತೀರಿ."

ಮಾಲು ಇತ್ತು. ಅದೇ ನನ್ನ ನಿದ್ದೆ ಕೆಡಿಸಿದ್ದು.

ಎಮ್ಮಿಗನೂರಿನಲ್ಲಿ ಒಬ್ಬ ಟೀಚರಮ್ಮ ಇದ್ದಾರೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು, ಎಪ್ಪತ್ತು ದಾಟಿದೆ, ಒಬ್ಬರೇ ಇರುತ್ತಾರೆ, ಯಾರ ಮಾತೂ ಕೇಳುವುದಿಲ್ಲ. ನಮ್ಮ ಹನ್ನೆರಡು ಮಂದಿಯಲ್ಲಿ ಅವರೂ ಒಬ್ಬರು, ಆದರೆ ಒಂದೂ ಮೀಟಿಂಗಿಗೆ ಬಂದವರಲ್ಲ. "ಮುಖ ತೋರಿಸಾಕ ನಾನೇನು ಹೆಣ್ಣು ನೋಡೋ ಶಾಸ್ತ್ರಕ್ಕ ಕುಂತಿಲ್ಲ" ಅನ್ನುತ್ತಿದ್ದರು. ಅವರು ಮಾಡಿದ ಕೆಲಸ ಯಾವ ಸಂಶೋಧಕನೂ ಮಾಡಿಲ್ಲ. ನಮ್ಮ ಭಾಗದಲ್ಲಿ ಹುಟ್ಟಿ ಸತ್ತ ಸಣ್ಣ ಸಣ್ಣ ವಿಕಿಗಳು ಎಷ್ಟೋ. ಅಡುಗೆಯದೊಂದು, ಬೇಸಾಯದ ಮಾತುಗಳದೊಂದು, ಊರುಗಳದೊಂದು. ಅವು ಮುಚ್ಚುವ ಮುಂಚೆ ಅಲ್ಲಿ ಯಾರು ಏನು ಬರೆದರು, ಯಾರು ಅಳಿಸಿದರು, ಏನು ಕಾರಣ ಕೊಟ್ಟರು ಎಂಬುದನ್ನೆಲ್ಲ ಈಕೆ ಉದ್ದ ನೋಟ್‌ಬುಕ್ಕುಗಳಲ್ಲಿ ಕೈಯಾರೆ ನಕಲು ಮಾಡಿಟ್ಟಿದ್ದರು. ಹದಿನಾಲ್ಕು ನೋಟ್‌ಬುಕ್ಕು. ಆ ವಿಕಿಗಳು ಈಗ ಎಲ್ಲೂ ಇಲ್ಲ, ಇರುವುದು ಆ ನೋಟ್‌ಬುಕ್ಕುಗಳಲ್ಲಿ ಮಾತ್ರ. ನಮ್ಮ ತಾಣದಲ್ಲಿ ಅವಷ್ಟೇ ಬಂದರೂ ಸಾಕು, ಉಳಿದದ್ದೆಲ್ಲ ಇರದಿದ್ದರೂ ನಡೆಯುತ್ತದೆ.

ಸಂಕ್ರಾಂತಿ ಆದ ಮೇಲೆ ಫೋನು ಮಾಡಿ ಕೇಳಿದೆ.

"ಕೊಡ್ತೀನಪ್ಪ, ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ಉಗಾದಿಗೆ ಈ ಮನಿ ಖಾಲಿ ಮಾಡ್ತೀನಿ. ರಾಯಚೂರಾಗ ನಮ್ಮ ತಂಗಿ ಮನಿಗೆ ಹೊಂಟೀನಿ. ಆಕಿ ಮನ್ಯಾಗ ಒಂದಾ ಕ್ವಾಣಿ. ನಾನು, ನನ್ನ ಮಂಚ, ಅಷ್ಟಾ ಹಿಡಿಸ್ತೈತಿ."

"ಹಂಗಾದ್ರ ನಾಳಿಗೇ ಬರ್ಲಾ ಟೀಚರ್?"

"ತಡಿ. ನಿಮ್ಮ ತಾಣ ನೋಡಿದೆ. ಅಲ್ಲಿ ಒಬ್ಬಾವ ಅದಾನ. ದಿನಾ ಬಂದು ಒಂದು ಚುಕ್ಕಿ ಇಡ್ತಾನ, ಮರುದಿನ ಒರಸ್ತಾನ. ನೀನಾ ಅಲ್ಲ?"

"ನಾನಾ ಟೀಚರ್."

"ನಾನು ಬರೆದಿಟ್ಟ ವಿಕಿ ಎಲ್ಲ ಯಾಕ ಮುಚ್ಚಿದ್ವು ಗೊತ್ತೈತೇನು? ಒಬ್ಬರಾ ಉಳೀತಾರ. ಅವರಿಗೂ ಬ್ಯಾಸರ ಬರ್ತೈತಿ. ನಾಲ್ಕು ಮಂದಿ ಓಡಾಡೋ ಜಾಗ ಆದ್ರ ಕೊಡ್ತೀನಿ. ಇಲ್ಲಂದ್ರ ಗುಜರಿಯಾವ ಉಗಾದಿ ಹಿಂದಿನ ದಿನ ಬರ್ತೀನಿ ಅಂದಾನ. ಅವನಾದ್ರ ತೂಕ ಮಾಡಿ ಒಯ್ತಾನ, ಮರ್ಯಾದಿ ಕೊಟ್ಟಂಗ ಆಗ್ತೈತಿ."

ಉಗಾದಿಗೆ ಎರಡು ತಿಂಗಳಿತ್ತು. ನಾಲ್ಕು ಮಂದಿ. ನಾನು ಉಳಿದ ಹತ್ತು ಮಂದಿಗೂ ಮೇಲ್ ಬರೆದೆ. ಹತ್ತು ಮಂದಿಯೂ ಒಪ್ಪಿದರು, ಬಹಳ ಮುಖ್ಯವಾದ ವಿಷಯ ಅಂದರು. ಒಬ್ಬರು ಇದರ ಬಗ್ಗೆ ಒಂದು ವಿಚಾರ ಸಂಕಿರಣ ಇಡಬಹುದೆಂದರು. ತಾಣಕ್ಕೆ ಮಾತ್ರ ಯಾರೂ ಬರಲಿಲ್ಲ. ಒಂದು ತಿಂಗಳು ಹೋಯಿತು. ನಾನು ಬೇರೆ ಬೇರೆ ಹೆಸರಿನಲ್ಲಿ ನಾಲ್ಕು ಖಾತೆ ತೆರೆದು ನಾನೇ ಓಡಾಡಲೇ ಎಂದು ಕೂಡ ಯೋಚನೆ ಮಾಡಿದೆ. ವಿಕಿ ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಆ ಪಾಪದ ಮೇಲೆ ನಾನೇ ಒಂದು ಲೇಖನ ಬರೆದಿದ್ದೇನೆ. ಆದ್ದರಿಂದ ಸಿಕ್ಕಿಬೀಳುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಬಿಟ್ಟೆ.

ಇದರ ನಡುವೆಯೇ ಅಕ್ಕನ ಮಗಳ ಮದುವೆ ಗೊತ್ತಾಯಿತು. ಮನೆಯಲ್ಲಿ ಓದಿದವನು ನಾನು ಅಂತ ಲಗ್ನಪತ್ರಿಕೆ ಬರೆಸುವ ಕೆಲಸ ನನ್ನ ತಲೆಗೆ ಬಂತು. ನಮ್ಮ ಕಡೆ ಪತ್ರಿಕೆಗೆ ಎರಡು ಮೈ: ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು. ಎರಡೂ ಕಡೆ ಕೆಳಗೆ "ಸುಖಾಗಮನ ಬಯಸುವವರು" ಎಂದು ಬಳಗದ ಹೆಸರೆಲ್ಲ ಬರಬೇಕು, ವಯಸ್ಸಿನ ಪ್ರಕಾರ, ದೊಡ್ಡವರು ಮೇಲೆ, ಸಣ್ಣವರು ಕೆಳಗೆ. ಮದುವೆಯ ದಿನ, ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ ತಪ್ಪಾದರೂ ಜನ ಕೇಳಿಕೊಂಡು ಬರುತ್ತಾರೆ. ಹೆಸರಿನ ಸಾಲು ತಪ್ಪಾದರೆ ಬರುವುದೇ ಇಲ್ಲ.

ಮೊದಲನೇ ಪ್ರೂಫು ತಂದು ಅಕ್ಕನ ಮನೆಯ ಪಡಸಾಲೆಯಲ್ಲಿ ಇಟ್ಟೆ. ಮಾವನ ಚಿಕ್ಕಪ್ಪ ಕನ್ನಡಕ ಏರಿಸಿ ಆ ಮೈ ಓದಿದರು, ಈ ಮೈ ಓದಿದರು, ಮತ್ತೆ ಆ ಮೈಗೆ ಬಂದರು.

"ಕನ್ನಡದಾಗ ನಾನು ಮೂರನೇದಾವ. ತೆಲುಗಿನ್ಯಾಗ ನಾಲ್ಕನೇದಾವ. ಯಾಕಪಾ, ತೆಲುಗು ಓದೋರಿಗೆ ನಾನು ಸಣ್ಣಾವ ಏನು?"

"ಇಲ್ಲ ದೊಡ್ಡವ್ರಾ, ಪ್ರೆಸ್ಸಿನಾವ ತಪ್ಪು ಮಾಡ್ಯಾನ."

"ಪ್ರೆಸ್ಸಿನಾವ ನಮ್ಮ ಬಳಗ ಅಲ್ಲ, ಅವನ ಮ್ಯಾಲ ಸಿಟ್ಟಿಲ್ಲ. ನಿನ್ನ ಮ್ಯಾಲ ಐತಿ."

ನಾಲ್ಕು ಪ್ರೂಫು ಆದವು. ಪ್ರತಿ ಪ್ರೂಫಿಗೂ ಮನೆ ತುಂಬ ಜನ. ಯಾರದೋ ಹೆಸರು ನೋಡಲು ಬಂದವರು ಕೂತಲ್ಲಿಯೇ ಅಕ್ಕಿ ಆರಿಸಿದರು, ಚಪ್ಪರಕ್ಕೆ ಯಾರಿಗೆ ಹೇಳಬೇಕೆಂದು ಮಾತಾಡಿದರು, ಒಬ್ಬರು ಬಸ್ಸು ಗೊತ್ತುಮಾಡಿಯೇ ಎದ್ದರು. ಕೊನೆಯ ಪ್ರೂಫು ಎಲ್ಲರಿಗೂ ಒಪ್ಪಿಗೆಯಾಗಿ, ಐನೂರು ಪ್ರತಿ ಅಚ್ಚಾಗಿ ಬಂದ ಮೇಲೆ ಅಕ್ಕ ಕೇಳಿದಳು:

"ಏ ತಮ್ಮಾ, ನಿನ್ನ ಹೆಸರು ಎಲ್ಲೈತೋ?"

ಇರಲಿಲ್ಲ. ಸೋದರಮಾವನ ಹೆಸರಿಲ್ಲದ ಲಗ್ನಪತ್ರಿಕೆ ನಮ್ಮ ಬಳಗದಲ್ಲಿ ಅದೇ ಮೊದಲು. "ಅಳಿಸೋ ಸಾರ್ ತಮ್ಮನ್ನ ತಾವಾ ಅಳಿಸ್ಕೊಂಡಾರ" ಎಂದು ಮಾವ ಮನೆಯೆಲ್ಲ ನಗಿಸಿದ. ಅಕ್ಕ ಮಾತ್ರ ನಗಲಿಲ್ಲ. ಐನೂರು ಪತ್ರಿಕೆಯ ಮೇಲೂ ಪೆನ್ನಿನಿಂದ ನನ್ನ ಹೆಸರು ನನ್ನ ಕೈಯಲ್ಲೇ ಬರೆಸಿದಳು, ಎರಡೂ ಮೈಯಲ್ಲಿ.

ಅದು ಶನಿವಾರ. ಮರುದಿನ ಬೆಳಿಗ್ಗೆ, ಇನ್ನೂ ಬೆರಳು ನೋಯುತ್ತಿರುವಾಗಲೇ, ಆ ತಪ್ಪು ಮಾಡಿದೆ.

ಉಗಾದಿಗೆ ಹದಿನೆಂಟು ದಿನ ಉಳಿದಿತ್ತು. ಟೀಚರಮ್ಮ ಕೇಳಿದ್ದು ನಾಲ್ಕು ಮಂದಿ. ನಮ್ಮಲ್ಲಿ ಮಂದಿ ಇದ್ದಾರೆ, ಆದರೆ ಕಾಣುವುದಿಲ್ಲ. ಹಾಗಾದರೆ ಮುಖಪುಟದಲ್ಲಿ ಎಲ್ಲರ ಹೆಸರು ಕಾಣಿಸಿದರಾಯಿತು! ಇಷ್ಟು ಸುಲಭದ ಉಪಾಯ ಏಳು ತಿಂಗಳು ಹೊಳೆಯದೆ ಹೋಯಿತಲ್ಲ ಎಂದು ನನ್ನನ್ನೇ ಬೈದುಕೊಂಡೆ. "ಕೆಲಸ ನಡೆಯುತ್ತಿದೆ" ಎಂಬುದನ್ನು ತೆಗೆದೆ. ತಲೆಯಲ್ಲಿ ಎರಡು ವಾರದಿಂದ ಲಗ್ನಪತ್ರಿಕೆ ಬಿಟ್ಟರೆ ಬೇರೇನೂ ಇರಲಿಲ್ಲವಾದ್ದರಿಂದ, "ಈ ತಾಣಕ್ಕೆ ತಮ್ಮ ಸುಖಾಗಮನ ಬಯಸುವವರು" ಎಂದು ಬರೆದೆ. ಅದರ ಕೆಳಗೆ ಹೆಸರು. ಯಾವ ಕ್ರಮದಲ್ಲಿ? ಇದೇನು ಕೇಳುವ ಮಾತೇ? ವಯಸ್ಸಿನ ಪ್ರಕಾರ. ಆದರೆ ಯಾರ ವಯಸ್ಸೂ ನನಗೆ ಗೊತ್ತಿರಲಿಲ್ಲ. ಮೀಟಿಂಗಿನಲ್ಲಿ ಕಂಡ ಮುಖಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು, ಕೂದಲು, ಗಡ್ಡ, ಕನ್ನಡಕ ನೋಡಿ ಅಂದಾಜು ಮಾಡಿದೆ. ಮೈಸೂರಿನ ಬಿಳಿಗಡ್ಡದವರನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಪುಣೆಯವರ ಮುಖ ಸಣ್ಣ ಹುಡುಗಿಯ ಮುಖದಂತಿತ್ತು, ಹತ್ತನೆಯವರಾದರು. ಈ ಸಲ ನನ್ನ ಹೆಸರು ಮರೆಯಲಿಲ್ಲ, ಅಕ್ಕನ ಆಣೆಗೂ. ಒಟ್ಟು ಹನ್ನೊಂದು. ಎಲ್ಲರಿಗೂ ಒಂದು ಮೇಲ್ ಕಳಿಸಿ, ನೆಮ್ಮದಿಯಾಗಿ ಊಟಕ್ಕೆ ಕೂತೆ.

ಸೋಮವಾರ ಬೆಳಿಗ್ಗೆ ಲೈಬ್ರರಿಯಲ್ಲಿ "ಇತ್ತೀಚಿನ ಬದಲಾವಣೆಗಳು" ತೆರೆದರೆ ಪುಟ ಕೆಳಗೆ ಕೆಳಗೆ ಹೋಗುತ್ತಲೇ ಇದೆ. ನಾನು ಮೊದಲು ಯಾರೋ ಕಳ್ಳರು ನುಗ್ಗಿದ್ದಾರೆ ಎಂದುಕೊಂಡೆ.

ಕಳ್ಳರಲ್ಲ, ನಮ್ಮವರೇ. ಮೊದಲು ಬಂದವರು ಪುಣೆಯವರು. ಹತ್ತರಿಂದ ಎದ್ದು ಒಂದಕ್ಕೆ ಹೋಗಿದ್ದರು. ಕಾರಣದ ಪೆಟ್ಟಿಗೆಯಲ್ಲಿ: "ಅಕ್ಷರಾನುಕ್ರಮವೇ ನ್ಯಾಯ." ಕನ್ನಡದ ಅಕ್ಷರಾನುಕ್ರಮದಲ್ಲಿ ಅವರ ಹೆಸರೇ ಮೊದಲು ಬರುತ್ತದೆ. ಅರ್ಧ ಗಂಟೆಗೆ ಹೈದರಾಬಾದಿನ ಇಂಜಿನಿಯರ್ ಬಂದು, ತಾಣದ ವಿಳಾಸ ಇಂಗ್ಲಿಷಿನಲ್ಲಿರುವುದರಿಂದ ಅನುಕ್ರಮವೂ ಇಂಗ್ಲಿಷಿನದೇ ಇರಬೇಕೆಂದು ತಾನು ಮೇಲೆ ಕೂತಿದ್ದ. ಮತ್ತೊಬ್ಬರು ಪ್ರಕಟವಾದ ಲೇಖನಗಳ ಪ್ರಕಾರ ಅಂದರು. ಇನ್ನೊಬ್ಬರು ಗುಂಪಿಗೆ ಸೇರಿದ ವರ್ಷದ ಪ್ರಕಾರ ಅಂದರು. ಪ್ರತಿಯೊಬ್ಬರದೂ ಒಂದೊಂದು ತತ್ವ, ಪ್ರತಿ ತತ್ವಕ್ಕೂ ಉಲ್ಲೇಖಗಳು. ಅದೇನು ವಿಚಿತ್ರವೋ, ಯಾರ ತತ್ವ ಹಿಡಿದರೂ ಆ ತತ್ವದವರೇ ಮೊದಲು ಬರುತ್ತಿದ್ದರು.

ಮೈಸೂರಿನ ಬಿಳಿಗಡ್ಡದವರು ಮಾತ್ರ ಕೆಳಗೆ ಇಳಿಯಲು ಹೋರಾಡುತ್ತಿದ್ದರು. ಹತ್ತು ಗಂಟೆಗೆ ಅವರ ಫೋನು ಬಂತು.

"ಸಾರ್, ನನಗೆ ನಲವತ್ತಾರು."

"ಹಾಂ?"

"ವಯಸ್ಸು ಸಾರ್. ನಲವತ್ತಾರು. ಗಡ್ಡ ನಮ್ಮ ತಂದೆಯವರಿಂದ ಬಂದದ್ದು. ನಿಮಗೆಷ್ಟು?"

"ಐವತ್ತೊಂದು."

"ನೀವು ಹಾಕಿದ ಪಟ್ಟಿಯಲ್ಲಿ ನೀವು ಎಷ್ಟನೆಯವರು?"

"ಆರನೆಯವನು."

"ನೀವು ಆರನೆಯವರು, ನಾನು ಮೊದಲನೆಯವನು. ನನ್ನ ಹೆಂಡತಿ ನೋಡಿ ಎರಡು ಸಲ ನಕ್ಕಳು ಸಾರ್. ಎತ್ತರದ ಪ್ರಕಾರ ಹಾಕಿ, ತೂಕದ ಪ್ರಕಾರ ಹಾಕಿ, ನನ್ನದೇನೂ ತಕರಾರಿಲ್ಲ."

ವಿಕಿಗಳಲ್ಲಿ ಒಬ್ಬರದನ್ನು ಒಬ್ಬರು ಅಳಿಸುತ್ತಾ ಹೋಗುವ ಯುದ್ಧದ ಬಗ್ಗೆ ಈ ಹನ್ನೊಂದು ಮಂದಿ ಸೇರಿ ಬರೆದದ್ದನ್ನು ಒಟ್ಟಿದರೆ ನಮ್ಮ ಲೈಬ್ರರಿಯ ಒಂದು ಕಪಾಟು ತುಂಬುತ್ತದೆ. ಅಂಥ ಯುದ್ಧ ತಡೆಯುವುದು ಹೇಗೆ ಎಂಬ ನಿಯಮ ನಾವು ಏಳು ತಿಂಗಳು ಬರೆದ ಪುಟದಲ್ಲೇ ಇತ್ತು, ನಾಲ್ಕನೇ ಅಧ್ಯಾಯ. ಯಾರೂ ಅದನ್ನು ತೆರೆದು ನೋಡಲಿಲ್ಲ. ಪುಣೆಯವರು ಮಾತ್ರ ಒಮ್ಮೆ ತೆರೆದರು, ಅದನ್ನು ತಮಗೆ ಅನುಕೂಲವಾಗುವಂತೆ ತಿದ್ದಿ ಹೋದರು.

ಆದರೆ ಎರಡನೇ ದಿನ ನಾನು ಒಂದು ವಿಷಯ ಗಮನಿಸಿದೆ. ಹೆಸರು ಮೇಲೇರಿಸಲು ಬಂದ ಪುಣೆಯವರ ಕಣ್ಣಿಗೆ ಇನ್ನೊಬ್ಬರು ಕೊಟ್ಟ ಉಲ್ಲೇಖದಲ್ಲಿ ಒಂದು ಲೇಖನದ ವರ್ಷ ತಪ್ಪಾಗಿದ್ದು ಬಿದ್ದು, ಅದನ್ನು ಸರಿ ಮಾಡಿದ್ದರು. ಇಂಜಿನಿಯರ್ ತನ್ನ ಹೆಸರಿನ ಮುಂದೆ ತಾನು ಬರೆದ ಪ್ರೋಗ್ರಾಮುಗಳ ಪಟ್ಟಿ ಹಾಕಿ, ಬರೀ ಪಟ್ಟಿ ಇದ್ದರೆ ಯಾರು ನಂಬುತ್ತಾರೆಂದು ಪ್ರೋಗ್ರಾಮುಗಳನ್ನೇ ತಂದು ಇಟ್ಟಿದ್ದ. ಲೇಖನಗಳ ಪ್ರಕಾರ ಎಂದವರು ಪುರಾವೆಗೆ ಲೇಖನಗಳನ್ನೆಲ್ಲ ಏರಿಸಿದ್ದರು. ಅಕ್ಕನ ಪಡಸಾಲೆಯಲ್ಲಿ ಹೆಸರು ನೋಡಲು ಬಂದು ಅಕ್ಕಿ ಆರಿಸಿದವರು ನೆನಪಾದರು. ಹೆಂಡತಿಗೆ ಹೇಳಿದೆ.

"ಅಂಗಡಿ ತುಂಬ ಮಂದಿ!"

"ಏನು ಕೊಳ್ಳಾಕ ಬಂದಾರ?"

"ಜಗಳ ಆಡಾಕ ಬಂದಾರ. ಪಟ್ಟಿ ಹಾಕಿದ್ನಲ್ಲ, ಅದಕ್ಕ."

ಅವಳು ನನ್ನ ಫೋನು ತೆಗೆದುಕೊಂಡು ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದಳು. ಲಗ್ನಪತ್ರಿಕೆ ನೋಡಿ ನೋಡಿ ಅವಳಿಗೂ ಅಭ್ಯಾಸ ಆಗಿತ್ತು.

"ಎಮ್ಮಿಗನೂರು ಟೀಚರಮ್ಮ ಎಲ್ಲದಾರ?"

ಫೋನು ಕಸಿದುಕೊಂಡು ಎಣಿಸಿದೆ. ಹನ್ನೆರಡು ಮಂದಿ, ಪಟ್ಟಿಯಲ್ಲಿ ಹನ್ನೊಂದು. ಮುಖ ನೆನಪು ಮಾಡಿಕೊಂಡು ಬರೆದಿದ್ದೆನಲ್ಲ, ಮುಖ ತೋರಿಸದವರು ಬಿಟ್ಟುಹೋಗಿದ್ದರು. ಯಾರಿಗೆ ಕಾಣಲಿ ಅಂತ ಪಟ್ಟಿ ಹಾಕಿದೆನೋ ಅವರೇ ಅದರಲ್ಲಿ ಇಲ್ಲ. ಇನ್ನು ಆ ಯುದ್ಧದ ನಡುವೆ ನುಗ್ಗಿ ಹೆಸರು ಸೇರಿಸಬೇಕು. ಆದರೆ ಎಲ್ಲಿ ಸೇರಿಸಲಿ? ವಯಸ್ಸಿನ ಪ್ರಕಾರ ಅಂದರೆ ಮೊದಲು ಅವರೇ. ಎರಡು ದಿನ ಬಿಟ್ಟು ಮೇಲೆ ಹಾಕಿದರೆ ಮರೆತದ್ದಕ್ಕೆ ಲಂಚ ಕೊಟ್ಟಂತೆ. ಕೆಳಗೆ ಹಾಕಿದರೆ ಮುಗಿದೇಹೋಯಿತು. ನಡುವೆ ಹಾಕಿದರೆ ಯಾರ ಮಗ್ಗುಲಿಗೆ? ಫೋನು ಮಾಡಿದೆ. ಎತ್ತಲಿಲ್ಲ. ಒಂದು ಗಂಟೆ ಬಿಟ್ಟು ಮಾಡಿದೆ, ಎತ್ತಲಿಲ್ಲ.

"ಸಾಮಾನು ಕಟ್ತಿರ್ಬೇಕು" ಅಂದಳು ಹೆಂಡತಿ.

"ನೋಟ್‌ಬುಕ್ಕೂ ಕಟ್ತಿರ್ಬೇಕು. ಗುಜರಿಗೆ."

"ಸ್ವಲ್ಪ ಊಟ ಮಾಡ್ರಿ."

"ಇವತ್ತಾ ಕೊಟ್ಟುಬಿಟ್ರ?"

"ಕೊಟ್ರ ಗುಜರಿಯಾವನ ಹತ್ರ ಹೋಗಿ ತರೋಣಂತ. ಅವನೂ ಮನುಷ್ಯನಾ. ಮೊದ್ಲು ಉಣ್ರಿ."

ನಾನು ಉಣ್ಣಲಿಲ್ಲ. ಎಮ್ಮಿಗನೂರಿನಲ್ಲಿ ಗುಜರಿ ಅಂಗಡಿಗಳು ಎಷ್ಟಿವೆ, ಯಾವುದು ಯಾವ ರಸ್ತೆಯಲ್ಲಿ ಎಂದು ಫೋನಿನಲ್ಲಿ ಹುಡುಕುತ್ತಾ ಕೂತೆ.

ಬುಧವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಮುಖಪುಟ ತೆರೆದೆ. ಪಟ್ಟಿ ಇಲ್ಲ. ಹನ್ನೊಂದು ಹೆಸರೂ ಇಲ್ಲ, ಸುಖಾಗಮನವೂ ಇಲ್ಲ. ಖಾಲಿ ಬಿಳಿ ಪುಟ. ಯಾರು ಅಳಿಸಿದರೆಂದು ನೋಡಿದರೆ ಹೊಸದಾಗಿ ತೆರೆದ ಒಂದು ಖಾತೆ, ಒಂದು ಮರದ ಹೆಸರು. ಕಾರಣದ ಪೆಟ್ಟಿಗೆಯಲ್ಲಿ ಹೀಗಿತ್ತು:

"ಮದುವಿ ಮುಗೀತು. ಶಾಮಿಯಾನ ಬಿಚ್ರಿ. ಕೆಲಸ ಭಾಳ ಐತಿ."

ಮೈಸೂರಿನವರು ಹೀಗೆ ಬರೆಯುವುದಿಲ್ಲ, ಪುಣೆಯವರೂ ಬರೆಯುವುದಿಲ್ಲ. ನನ್ನನ್ನು ಬಿಟ್ಟು ಪಟ್ಟಿಯಲ್ಲಿದ್ದ ಹತ್ತು ಮಂದಿಯಲ್ಲಿ ಒಬ್ಬರಿಗೂ ಅದನ್ನು ವಾಪಸ್ಸು ಹಾಕುವ ಧೈರ್ಯ ಬರಲಿಲ್ಲ. ಬಿಳಿಗಡ್ಡದವರು ಮಾತ್ರ ಕೆಳಗೆ ಒಂದು ನಮಸ್ಕಾರದ ಚಿತ್ರ ಹಾಕಿದರು. ನಾನು ಕುರ್ಚಿಯಲ್ಲಿ ಕೂತು ಈ ಸಿಟ್ಟು ಎಷ್ಟು ದೊಡ್ಡದೆಂದು ಅಳೆಯುತ್ತಿರುವಾಗಲೇ ಫೋನು ರಿಂಗಾಯಿತು.

"ಯಾವಾಗ ಬರ್ತಿ?" ಅಂದರು ಟೀಚರಮ್ಮ.

"ಟೀಚರ್, ನಿಮ್ಮ ಹೆಸರು ತಪ್ಪಿಹೋಯ್ತು, ಬೇಕಂತ ಮಾಡಿದ್ದಲ್ಲ..."

"ನನ್ನ ಹೆಸರು ಯಾಕ ಬೇಕು ಅಲ್ಲಿ? ಇಲ್ಲೀ ತನ ಖಾಲಿ ಮನಿ ಇತ್ತು, ಈಗ ಜಗಳ ಐತಿ. ಜಗಳಕ್ಕ ಮಂದಿ ಬೇಕು. ನಾಲ್ಕು ಕೇಳಿದ್ದೆ, ಹತ್ತು ಕಾಣ್ತಾರ. ಆದ್ರ ಹೆಸರಿನ ಮ್ಯಾಲ ಎಷ್ಟು ದಿನ ಆಡ್ತೀರಿ? ಬೇರೆ ಏನಾದ್ರೂ ಕೊಡ್ತೀನಿ, ಅದರ ಮ್ಯಾಲ ಆಡ್ರಿ. ಆಯ್ತವಾರ ಬಾ. ಮುಂಜಾನೆ ಬಾ, ಹೊಟ್ಟಿ ಖಾಲಿ ಇಟ್ಕೊಂಡು ಬಾ."

ಭಾನುವಾರ ಮೊದಲ ಬಸ್ಸಿಗೇ ಹೋದೆ. ಬಸ್‌ಸ್ಟ್ಯಾಂಡಿನಿಂದ ಹಿಡಿದ ಆಟೋದವನು ಅವರ ಬೀದಿಯ ತುದಿಯಲ್ಲೇ ಇಳಿಸಿದ. ಬೀದಿಗುಂಟ ಮಗ್ಗದ ನೂಲು ಹಾಸಿ ಗಂಜಿ ಹಚ್ಚುತ್ತಿದ್ದರು, ಗಾಡಿ ದಾಟುವ ಹಾಗಿರಲಿಲ್ಲ. ಗೋಡೆಗೆ ಅಂಟಿಕೊಂಡು ನಡೆದೆ. ನನ್ನ ಅಂಗಿ ತಾಗಿ ಯಾವ ಎಳೆಯೂ ಹರಿಯದಿರಲಿ ಎಂದು ಪ್ರತಿ ಹೆಜ್ಜೆಗೂ ಪ್ರಾರ್ಥಿಸುತ್ತಿದ್ದೆ. ಒಬ್ಬಾಕೆ ನೋಡಿ, "ಏಮಯ್ಯಾ, ಕಳ್ಳರಂಗ ಯಾಕ ನಡೀತಿ? ಹರಿದ್ರ ಕಟ್ತೀವಿ, ನಡಿ" ಅಂದಳು.

ಮನೆಯಲ್ಲಿ ಸಾಮಾನೆಲ್ಲ ಗಂಟು ಕಟ್ಟಿಯಾಗಿತ್ತು. ನಡುಮನೆಯಲ್ಲಿ ಹದಿನಾಲ್ಕು ನೋಟ್‌ಬುಕ್ಕು ಒಂದರ ಮೇಲೊಂದು, ಹುರಿಯಿಂದ ಕಟ್ಟಿದ್ದರು. ಮುಟ್ಟಿ ನೋಡಿದೆ. ಇದ್ದವು. ಅಷ್ಟು ಹೊತ್ತಿಗೆ ಅವರು ಒಳಗಿನಿಂದ ಒಂದು ತಟ್ಟೆ ತಂದು ನನ್ನ ಮುಂದೆ ಇಟ್ಟರು. ಬಿಸಿ ಉಗ್ಗಾಣಿ, ಮೇಲೆ ಹುರಿಗಡಲೆ ಪುಡಿ, ಮಗ್ಗುಲಿಗೆ ಎರಡು ಮಿರ್ಚಿ.

"ತಿನ್ನಪ್ಪ" ಅಂದರು. "ಆಧಾರ."

ತುತ್ತು ಬಾಯಿಗೆ ಇಟ್ಟಿದ್ದೆ, ಅಲ್ಲೇ ನಿಂತಿತು.

"ಆಧಾರ ಇಲ್ಲ, ಆಧಾರ ಇಲ್ಲ ಅಂತ ಹನ್ನೊಂದು ದಿನ ಹೊಯ್ಕೊಂಡಿದ್ಯಲ್ಲ. ಇದಾ ನೋಡು ಆಧಾರ. ನಮ್ಮ ಅವ್ವ ಈ ಒಲಿ ಮ್ಯಾಲ ಮಾಡಿದ್ದು. ಆವಾಗ ನಿಮ್ಮ ಆದವಾನ್ಯಾಗ ಮಂಡಕ್ಕಿ ಒಣಾದು ತಿಂತಿದ್ರು."

"ನಿಮಗ... ನಾನಾ ಅಂತ ಯಾವಾಗ ಗೊತ್ತಾತು?"

"ನಿನ್ನ ಪ್ರಬಂಧ ಓದಿದಾಗ. ಇಬ್ಬರು ಅನಾಮಧೇಯ ಬಳಕೆದಾರರು ಅಂತಿ, ಒಬ್ಬಾವ ಏನು ಯೋಚನೆ ಮಾಡಿದ ಅಂತ ಎರಡು ಪುಟ ಬರ್ದಿ, ಇನ್ನೊಬ್ಬಾಕಿ ಬಗ್ಗೆ ಒಂದು ಸಾಲಿಲ್ಲ. ಅಷ್ಟು ಗೊತ್ತಾಗಂಗಿಲ್ಲೇನು? ತಿನ್ನು, ಆರ್ತೈತಿ."

ತಿಂದೆ. ಏನು ಹೇಳಲಿ, ಚೆನ್ನಾಗಿತ್ತು. ಆದವಾನಿಯದಕ್ಕಿಂತ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಊರಲ್ಲಿ ಬಾಳುವೆ ಮಾಡಬೇಕು. ಎರಡನೇ ಸಲ ಹಾಕಿಸಿಕೊಂಡೆ ಎಂದಷ್ಟೇ ಹೇಳಬಲ್ಲೆ. ಹೊರಡುವಾಗ ಅವರು ಬಾಗಿಲ ತನಕ ಬಂದು, "ಒಂಬತ್ತನೇ ನೋಟ್‌ಬುಕ್ಕು ಮೊದ್ಲು ಏರಿಸು" ಅಂದರು. ಬಸ್ಸಿನಲ್ಲಿ ಹದಿನಾಲ್ಕನ್ನೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ, ಕಂಡಕ್ಟರು ಎಷ್ಟು ಹೇಳಿದರೂ ಕೆಳಗೆ ಇಡಲಿಲ್ಲ.

ಒಂಬತ್ತನೇ ನೋಟ್‌ಬುಕ್ಕಿನಲ್ಲಿ ನಮ್ಮ ಜಗಳ ಪೂರ್ತಿ ಇತ್ತು. ನಾನು ಬರೆದ ಒಂದೊಂದು ಕಾರಣವೂ, ಹಕ್ಕಿಯ ಹೆಸರಿನ ಸಮೇತ. ಕೊನೆಗೆ ಅವರ ಕೈಬರಹದಲ್ಲಿ ಎರಡು ಸಾಲು ಷರಾ: "ಈ ಹಕ್ಕಿ ಯಾವುದೋ ಅಂಜುಬುರುಕ. ಬರೆಯುತ್ತದೆ, ಅಳಿಸುತ್ತದೆ, ತಾನು ಅಳಿಸಿದ್ದನ್ನು ಮತ್ತೆ ಬಂದು ನೋಡಿ ಹೋಗುತ್ತದೆ. ಮನೆಯಲ್ಲಿ ಯಾರಾದರೂ ಸರಿಯಾಗಿ ತಿನ್ನಲು ಹಾಕಿದರೆ ಸುಧಾರಿಸಬಹುದು."

ಮರುದಿನ ಲೈಬ್ರರಿಯಲ್ಲಿ ಕೂತು ಎಲ್ಲವನ್ನೂ ಟೈಪು ಮಾಡಿದೆ. ಆ ಎರಡು ಸಾಲಿನ ಹತ್ತಿರ ಬಂದಾಗ ಕೈ ನಿಂತಿತು. ಹತ್ತು ಮಂದಿ ಸಂಶೋಧಕರು ಓದುತ್ತಾರೆ. ಪುಣೆಯವರಂತೂ ಮಧ್ಯಾಹ್ನದೊಳಗೆ ಆ ಹಕ್ಕಿ ಯಾರೆಂದು ಕಂಡುಹಿಡಿದು ಅದರ ಮೇಲೆ ಲೇಖನ ಶುರು ಮಾಡುತ್ತಾರೆ. ನನ್ನ ಗೈಡಿನ ಕಣ್ಣಿಗೆ ಬಿದ್ದರೆ? ಪ್ರಿನ್ಸಿಪಾಲರ? ಎರಡೇ ಸಾಲು, ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಟ್ಟೆ. ಮತ್ತೆ ಹಾಕಿದೆ. ಮತ್ತೆ ತೆಗೆದೆ. ನೋಟ್‌ಬುಕ್ಕಿನ ಷರಾ ಮತ್ತೊಮ್ಮೆ ಓದಿದೆ. ನಾನು ಈಗ ಮಾಡುತ್ತಿರುವುದನ್ನೇ ಅದು ಹೇಳುತ್ತಿತ್ತು.

ಹಾಕಿದೆ. ಉಳಿಸು ಎಂಬುದನ್ನು ಒತ್ತುವ ಮುಂಚೆ ಕೆಳಗೆ ಕಾರಣದ ಪೆಟ್ಟಿಗೆ ಖಾಲಿಯಾಗಿ ಕಾಯುತ್ತಿತ್ತು. ಅದರಲ್ಲಿ ಬರೆದೆ: "ಆಧಾರ ಸಿಕ್ಕಿದೆ. ಎರಡು ತಟ್ಟೆ ತಿಂದಿದ್ದೇನೆ."